ಸ್ಪ್ಯಾನಿಷ್ ಮನೆಯ ಮಾಡು, ಮಲೆನಾಡಿನ ಮಾವ

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ನಾವು ಬಾಡಿಗೆಗಿರುವ ಮನೆ 1926ರದು. ಬಿಳಿ ಗೋಡೆ, ಕೆಂಪು ಹೆಂಚು, ಕಮಾನಿನ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು, ನಡುವೆ ಅಂಗಳ. ಫೋಟೊ ನೋಡಿದ ಊರಿನವರೆಲ್ಲ ಅರಮನೆಯನ್ನೇ ಹಿಡಿದಿದ್ದೀರಲ್ಲ ಎನ್ನುತ್ತಾರೆ. ಈ ಅರಮನೆಯ ಗಾರೆಯೊಳಗೆ ಕಬ್ಬಿಣದ ಜಾಲರಿ ಇದೆ. ವೈಫೈ ಅದನ್ನು ದಾಟುವುದಿಲ್ಲ. ಅಂಗಳದಲ್ಲಿ ಕೂರುವ ಆಸೆಗೆ ನನ್ನ ಗಂಡ ಕಿಟಕಿಯನ್ನು ಪೂರ್ತಿ ತೆರೆದಿಟ್ಟು, ಅದರ ನೇರಕ್ಕೆ ನಿಂಬೆ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕಚೇರಿಯ ಮೀಟಿಂಗ್ ಮುಗಿಸುತ್ತಾರೆ. ಬಿಸಿಲು ಮುಖಕ್ಕೆ ಬಂತೆಂದು ಕುರ್ಚಿ ಸರಿಸಿದರೆ ಸಂಪರ್ಕ ಕಡಿದುಹೋಗುತ್ತದೆ.

ಕಳೆದ ನವೆಂಬರಿನಲ್ಲಿ, ಮೊದಲ ಮಳೆಯ ಮುನ್ಸೂಚನೆ ಬಂದ ವಾರ, ಮನೆಯೊಡತಿ ಹೆಂಚು ನೋಡಲು ಒಬ್ಬರನ್ನು ಕಳಿಸಿದರು. ಮೆಕ್ಸಿಕೊ ಮೂಲದ ಹಿರಿಯರು, ಮಾತು ಕಡಿಮೆ. ಅಡಿಕೆ ಕೊಯ್ಲನ್ನು ನನ್ನ ಮೈದುನನಿಗೆ ಒಪ್ಪಿಸಿ ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಮಾವ ಆಗ ನಮ್ಮಲ್ಲಿಯೇ ಇದ್ದರು. ಬಂದ ದಿನದಿಂದ ಅವರಿಗೆ ಇಲ್ಲಿ ಕೆಲಸವಿಲ್ಲದ್ದೇ ದೊಡ್ಡ ಕಾಯಿಲೆಯಾಗಿತ್ತು. ಏಣಿ ಗೋಡೆಗೆ ಒರಗಿದ್ದೇ ತಡ, ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದರು.

"ಇದು ನಮ್ಮ ನಾಡಹೆಂಚಲ್ಲವೇನಮ್ಮ?" ಎಂದರು. ನಿಜ, ಅರ್ಧ ಕೊಳವೆಯಂಥ ಹೆಂಚು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚು ನಮ್ಮ ಕಡೆ ಹಬ್ಬಿ, ಕುಂಬಾರರ ನಾಡಹೆಂಚು ಕೊಟ್ಟಿಗೆಗೆ ಇಳಿಯಿತು. ಮಾವನ ಹಳೆಯ ಮನೆಯಲ್ಲೂ ಹಾಗೆಯೇ ಆಗಿದೆ. ಕೊಟ್ಟಿಗೆಗೆ ಹಾಕುವುದನ್ನು ಇಲ್ಲಿ ಇಷ್ಟು ಬಾಡಿಗೆ ಬರುವ ಮನೆಗೆ ಹಾಕಿದ್ದಾರಲ್ಲ ಎಂಬುದು ಅವರ ಮೊದಲ ಆಶ್ಚರ್ಯ.

ಹಿರಿಯರು ಒಡೆದ ಹೆಂಚೊಂದನ್ನು ಕೆಳಗೆ ಕೊಟ್ಟು, ಹಿಂದಿನ ಕಾಲದಲ್ಲಿ ಇವನ್ನು ತೊಡೆಯ ಮೇಲೆ ತಟ್ಟಿ ಮಾಡುತ್ತಿದ್ದರು ಎಂದರು. ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೂ ಹೇಳುವ ಕತೆ ಇದು. ನಾನು ಕನ್ನಡದಲ್ಲಿ ಹೇಳಿದೆ. ಮಾವ ಹೆಂಚನ್ನು ತಮ್ಮ ತೊಡೆಯ ಮೇಲಿಟ್ಟು ನೋಡಿದರು. ಅದು ಮಂಡಿಯನ್ನೂ ದಾಟಿ ಚಾಚಿಕೊಂಡಿತು. "ಸುಳ್ಳು. ಮರದ ಅಚ್ಚಿನಲ್ಲಿ ಮಾಡಿದ್ದು. ಎಲ್ಲರ ತೊಡೆಯೂ ಒಂದೇ ಅಳತೆ ಇರುತ್ತದೆಯೇ?" ಇದನ್ನು ನಾನು ಅನುವಾದಿಸಲಿಲ್ಲ. ಆದರೂ ಹಿರಿಯರು ಅವರ ಮುಖ ನೋಡಿ ನಕ್ಕರು.

ಹೆಂಚು ಎತ್ತಿದಾಗ ಅಡಿಯಲ್ಲಿ ಹಲಗೆ, ಹಲಗೆಯ ಮೇಲೆ ಡಾಂಬರು ಕಾಗದ ಕಂಡಿತು. ಇಲ್ಲಿ ನೀರನ್ನು ಕೊನೆಯದಾಗಿ ತಡೆಯುವುದು ಆ ಕಾಗದವೇ. ಹೆಂಚು ಬಹುಪಾಲು ನೀರನ್ನು ಹೊರಗೆ ಚೆಲ್ಲುತ್ತದೆ, ನುಸುಳಿದ್ದನ್ನು ಕಾಗದ ಹಿಡಿಯುತ್ತದೆ. ಹೆಂಚಿಗಿಂತ ಮೊದಲು ಸಾಯುವುದೂ ಕಾಗದವೇ. ಆಗ ಅದೇ ಹೆಂಚನ್ನು ಇಳಿಸಿ, ಕಾಗದ ಬದಲಿಸಿ, ಮತ್ತೆ ಏರಿಸುತ್ತಾರೆ. ಪ್ರತಿ ಬೇಸಿಗೆಯ ಕೊನೆಗೆ ಮಾಡು ಹತ್ತಿ ಹೆಂಚು ಕೈಯಾಡಿಸಿದ ಮಾವನಿಗೆ ಇದು ಶುದ್ಧ ಮೋಸ ಎನಿಸಿತು. "ಕಾಗದ ನಂಬಿಕೊಂಡು ಮನೆ ಕಟ್ಟುತ್ತಾರೆಯೇ!"

ಮೋಸ ಅಲ್ಲೊಂದೇ ಇಲ್ಲ. ದಪ್ಪ ಮಣ್ಣಿನ ಗೋಡೆಯಂತೆ ಕಾಣುವುದನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮರದ ಚೌಕಟ್ಟಿಗೆ ಗಾರೆ ಬಳಿದದ್ದು. ಸ್ಪೇನಿನವರು ಇಲ್ಲಿ ಕೋಟೆ ಕಟ್ಟಿದ್ದು 1782ರಲ್ಲಿ, ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಕೇಂದ್ರ ಸ್ಥಾಪಿಸಿದ್ದು 1786ರಲ್ಲಿ. ನಮ್ಮ ಮನೆಯ ಶೈಲಿಗೂ ಅವರಿಗೂ ನೇರ ನೆಂಟಸ್ತನವಿಲ್ಲ. ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ 1915ರಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ವಸ್ತುಪ್ರದರ್ಶನದ ಕಟ್ಟಡಗಳು ಈ ಹುಚ್ಚನ್ನು ಹರಡಿದವು. ಆಮೇಲೆ 1925ರ ಜೂನ್ 29ರ ಬೆಳಿಗ್ಗೆ ಭೂಕಂಪಕ್ಕೆ ಸಾಂತಾ ಬಾರ್ಬರಾದ ಸ್ಟೇಟ್ ಬೀದಿ ನೆಲಕಚ್ಚಿತು. ಊರಿನ ಪ್ರಮುಖರಾದ ಪರ್ಲ್ ಚೇಸ್, ಬರ್ನ್‌ಹಾರ್ಡ್ ಹಾಫ್‌ಮನ್ ಮುಂತಾದವರು ಪಟ್ಟುಹಿಡಿದು, ಮತ್ತೆ ಕಟ್ಟುವುದಾದರೆ ಬಿಳಿ ಗೋಡೆ, ಕೆಂಪು ಹೆಂಚೇ ಇರಲಿ ಎಂದು ಊರನ್ನು ಒಪ್ಪಿಸಿದರು. ವೇಷವೇ ಸರಿ. ಆದರೆ ನೂರು ವರ್ಷ ತೊಟ್ಟ ವೇಷವನ್ನು ಇನ್ನು ವೇಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಾವನಿಗೆ ಬರುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವರ ಗಮನ ಸೂರಿನ ಕಡೆ ಹೋಯಿತು. ಸೂರು ಗೋಡೆಯಿಂದ ಗೇಣು ಕೂಡ ಮುಂದೆ ಬಂದಿಲ್ಲ. "ನೀರು ಗೋಡೆಯ ಮೇಲೆಯೇ ಇಳಿಯುತ್ತದೆ, ನೋಡುತ್ತಿರು" ಎಂದರು. ಇಲ್ಲಿ ವರ್ಷಕ್ಕೆ ಬೀಳುವುದು 450 ಮಿ.ಮೀ. ಆಸುಪಾಸು, ಆಗುಂಬೆಯ 7,000ದ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ ಎಂದೆ. ಅಂಗಳದ ಕಾರಂಜಿಯನ್ನೇ ತೋರಿಸಿದೆ: 2016ರ ಬರದಲ್ಲಿ ಊರಿಗೆ ನೀರು ಕೊಡುವ ಕಚೂಮಾ ಜಲಾಶಯ ತಳ ಕಂಡಾಗ ನಿಲ್ಲಿಸಿದ್ದು, ಆಮೇಲೆ ಯಾರೂ ಹಚ್ಚಲಿಲ್ಲ. ಈಗ ಅದರೊಳಗೆ ಮಣ್ಣು ತುಂಬಿಸಿ ಪುದೀನ ಹಾಕಿದ್ದೇನೆ. ಮಾವ ಪುದೀನ ಚಿವುಟಿ ಮೂಸಿದರು, ವಾದ ಬಿಡಲಿಲ್ಲ.

ತೋಟದಲ್ಲಿ ಅವರಿಗೆ ಅರ್ಥವಾಗದ ಇನ್ನೊಂದು ವಿಷಯವೆಂದರೆ ಕರಿಬೇವು. ಕುಂಡದ ಗಿಡದ ಬುಡದಲ್ಲಿ ಒಳ್ಳೆಯ ಮರಿಗಳು ಎದ್ದಿದ್ದವು. ಒಂದನ್ನು ಕಿತ್ತು, ಉತ್ತರದ ಊರಿನಲ್ಲಿರುವ ನೆಂಟರಿಗೆ ಒಯ್ಯೋಣವೆಂದು ಚೀಲ ಹುಡುಕುತ್ತಿದ್ದರು. ಬೇಡ ಮಾವ ಎಂದೆ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಸಣ್ಣ ಕೀಟಕ್ಕೆ ಕರಿಬೇವು ಬಹಳ ಇಷ್ಟ. ಕರಿಬೇವಿಗೆ ಆ ರೋಗ ತಗಲುವುದಿಲ್ಲ, ಆದರೆ ಕೀಟ ಅದರ ಚಿಗುರಿನಲ್ಲಿ ಸಂಸಾರ ಹೂಡುತ್ತದೆ. 2008ರಲ್ಲಿ ಕೀಟವೂ 2012ರಲ್ಲಿ ರೋಗವೂ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದವು. ಅಂದಿನಿಂದ ನಿರ್ಬಂಧಿತ ಪ್ರದೇಶದ ಗಿಡವನ್ನು ಆಚೆಗೆ ಸಾಗಿಸುವಂತಿಲ್ಲ. ನಿಂಬೆ ಗಿಡಕ್ಕೆ ಕೃಷಿ ಇಲಾಖೆಯವರು ತೂಗುಹಾಕಿದ್ದ ಹಳದಿ ಅಂಟುಹಾಳೆಯನ್ನು ತೋರಿಸಿದ ಮೇಲೆಯೇ ಅವರು ನಂಬಿದ್ದು. ತೋಟಗಾರರಲ್ಲವೇ, ಅಡಿಕೆಯ ಕೊಳೆರೋಗ ಕಂಡವರು. ಮರಿಯನ್ನು ತಾವೇ ಮತ್ತೆ ಕುಂಡದಲ್ಲಿ ನೆಟ್ಟರು.

ಸೋಮವಾರ ರಾತ್ರಿ ಮಳೆ ಬಂತು. ಮಾಡು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ನೀರು ಬಂದದ್ದು ಊಟದ ಮನೆಯ ಕಿಟಕಿಯಿಂದ: ಸೂರಿನಿಂದ ಗೋಡೆಗೆ, ಗೋಡೆಯಿಂದ ಹಳೆಯ ಉಕ್ಕಿನ ಚೌಕಟ್ಟಿಗೆ, ಅಲ್ಲಿಂದ ನನ್ನ ಟವೆಲ್‌ಗಳಿಗೆ. ಮಾವ ಏನೂ ಹೇಳಲಿಲ್ಲ, ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಕೆಟ್ ಪಕ್ಕ ಕುಳಿತಿದ್ದರು. ಸೂರು ಎರಡು ಅಡಿ ಮುಂದಕ್ಕೆ ತರಬಹುದೇ ಎಂದು ಮನೆಯೊಡತಿಯನ್ನು ಕೇಳಿದೆ. ಚಾರಿತ್ರಿಕ ಕಟ್ಟಡದ ಹೊರರೂಪ ಬದಲಿಸಲು ನಗರದ ಆಯೋಗಕ್ಕೆ ಅರ್ಜಿ ಹಾಕಬೇಕು, ಅವರು ಒಪ್ಪುವುದಿಲ್ಲ ಎಂದರು. ಅದನ್ನು ಮಾವನಿಗೆ ಹೇಳಿದ್ದೇ ತಪ್ಪಾಯಿತು. ನನ್ನ ಮಗನ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು, "ಮಾನ್ಯರೇ, ನಾನು ಐವತ್ತು ಮಳೆಗಾಲ ಮಾಡು ಹತ್ತಿದವನು" ಎಂದು ಬರೆದು, ಇಂಗ್ಲಿಷ್ ಮಾಡು ಎಂದು ನನ್ನ ಮುಂದಿಟ್ಟರು.