ಚೊಬೊಕ್ ದಿನದ ಕೊಂಗ್‌ಗುಕ್ಸು

15 ಜುಲೈ 2024, ಸೋಮವಾರ
ಗ್ವಾಂಗ್‌ಜು

ಇವತ್ತು ಇಲ್ಲಿ, ದಕ್ಷಿಣ ಕೊರಿಯಾದಲ್ಲಿ, ಚೊಬೊಕ್. ಬೇಸಿಗೆಯ ಸೆಖೆ ಜೋರಾಗಿರುವ ಹೊತ್ತಿನಲ್ಲಿ ಮೂರು ದಿನಗಳನ್ನು ಗುರುತಿಟ್ಟು ಸಂಬೊಕ್ ಅಂತ ಕರೆಯುತ್ತಾರೆ. ಅದರಲ್ಲಿ ಇದು ಮೊದಲನೆಯದು. ಈ ದಿನ ಎಲ್ಲರೂ ಸಾಮ್‌ಗ್ಯೆತಾಂಗ್ ತಿನ್ನಲು ಓಡುತ್ತಾರೆ. ಅಕ್ಕಿ, ಜಿನ್ಸೆಂಗ್ ಬೇರು ತುಂಬಿ ಬೇಯಿಸಿದ ಇಡೀ ಮರಿಕೋಳಿ, ಕುದಿಕುದಿ ಸಾರಿನಲ್ಲಿ. ಇಂಥ ಸೆಖೆಯಲ್ಲಿ ಅಷ್ಟು ಬಿಸಿ ಯಾಕೆ ಅಂದರೆ, ಶಾಖಕ್ಕೆ ಶಾಖವೇ ಮದ್ದು ಅನ್ನುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು ಅಂತ ನಾವು ಹೇಳ್ತೀವಲ್ಲ, ಹಾಗೆ.

ಆಫೀಸಿನವರು ಹನ್ನೊಂದೂವರೆಗೇ ಹೊರಟರು. ನಾನು ಮಾಂಸ ತಿನ್ನುವುದಿಲ್ಲ, ಎಲ್ಲರಿಗೂ ಗೊತ್ತು. ಪಕ್ಕದ ಸೀಟಿನ ಗೆಳತಿ ಮಾತ್ರ ಅವರ ಜೊತೆ ಹೋಗಲಿಲ್ಲ. "25ಕ್ಕೆ ಇನ್ನೊಂದು ಬೊಕ್ ಇದೆ, ಕೋಳಿ ಅವತ್ತು ತಿಂತೀನಿ. ನೀನು ಬಾ" ಅಂದಳು. ಆ ಒಂದು ಮಾತಿಗೆ ನನಗೆ ಅರ್ಧ ಹೊಟ್ಟೆ ತುಂಬಿತ್ತು.

ಇಲ್ಲಿಗೆ ಬಂದು ಒಂಬತ್ತು ತಿಂಗಳಾಯಿತು. ಈ ಊರಿನ ನೂಡಲ್ಸ್ ವಿಷಯದಲ್ಲಿ ನನಗೆ ಸಿಕ್ಕಿದ್ದು ಬರೀ ನಿರಾಸೆ. ಕಾಲ್‌ಗುಕ್ಸು ನೋಡಲು ಚೆಂದ, ಆದರೆ ಸಾರು ಒಣಮೀನಿನದ್ದೋ ಚಿಪ್ಪಿನದ್ದೋ ಆಗಿರುತ್ತೆ. ನೆಂಗ್‌ಮ್ಯೊನ್‌ನ ತಣ್ಣನೆ ಸಾರು ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ್ದು. ಇಲ್ಲಿನ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲೂ ಉಪ್ಪಿನಲ್ಲಿ ಹಾಕಿದ ಸೀಗಡಿ, ಮೀನಿನ ರಸ. ಅದಕ್ಕೇ ಅವಳು ನನ್ನನ್ನು ಕರಕೊಂಡು ಹೋಗಿದ್ದು ಒಂದು ಪುಟ್ಟ ಅಂಗಡಿಗೆ. ಬಾಗಿಲಲ್ಲಿ 'ಕೊಂಗ್‌ಗುಕ್ಸು ಗೆಸಿ' ಅಂತ ಬಟ್ಟೆ ತೂಗುಹಾಕಿದ್ದರು. ಕೊಂಗ್‌ಗುಕ್ಸು ಶುರುವಾಗಿದೆ ಅಂತ ಅರ್ಥ. ಕೊಂಗ್ ಅಂದರೆ ಕಾಳು, ಗುಕ್ಸು ಅಂದರೆ ನೂಡಲ್ಸ್. ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿನಲ್ಲಿ ಗೋಧಿ ಎಳೆ, ಅಷ್ಟೇ. ಮೇಲೆ ಮೊಟ್ಟೆ ಇಡುತ್ತಾರೆ ಅಂತ ಅವಳೇ ಮೊದಲೇ ಹೇಳಿ ಬೇಡ ಅನ್ನಿಸಿದಳು.

ಬಟ್ಟಲು ಬಂತು. ಕೆನೆಬಣ್ಣದ ಮಂದ ಹಾಲು. ಅದರೊಳಗೆ ಮಡಿಸಿಟ್ಟ ಹಾಗೆ ಎಳೆಗಳ ಉಂಡೆ. ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ, ಒಂದು ಹೋಳು ಟೊಮೇಟೊ, ಅಂಚಿನಲ್ಲಿ ಎರಡು ಐಸ್ ತುಂಡು. ನೋಡಿದ ಕೂಡಲೇ ನನ್ನ ಬಾಯಲ್ಲಿ ನೀರು ಬಂತು. ಯಾಕೆ ಅಂದರೆ ಅದು ಥೇಟ್ ನಮ್ಮನೆಯ ಕಾಯಿಹಾಲು ಶ್ಯಾವಿಗೆ! ಹಾಸನದ ಮನೆಯಲ್ಲಿ ಅಜ್ಜಿ ಶ್ಯಾವಿಗೆ ಒರಳಿನಲ್ಲಿ ಒತ್ತಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಸುರಿದು ಕೊಡುತ್ತಿದ್ದದ್ದು.

ಮೊದಲ ತುತ್ತು ಬಾಯಿಗಿಟ್ಟೆ. ಸಿಹಿ ಇಲ್ಲ. ಏಲಕ್ಕಿ ಇಲ್ಲ. ಉಪ್ಪೂ ಇಲ್ಲ. ತಣ್ಣಗೆ, ದಪ್ಪಗೆ, ಸಪ್ಪೆ. ನನಗೆ ನಿಜವಾಗಿ ಬೇಜಾರಾಯಿತು. ನಾಲಿಗೆ ಊರಿಗೆ ಹೋಗಿ ಬಾಗಿಲು ತಟ್ಟಿದ್ದು, ತೆಗೆದವರು ಬೇರೆ ಯಾರೋ.

ಅಂಗಡಿಯ ಅಮ್ಮ ನನ್ನ ಮುಖ ನೋಡಿರಬೇಕು. ಬಂದು, ಕೇಳದೆಯೇ ಎರಡು ಚಮಚ ಸಕ್ಕರೆ ಸುರಿದು ಕಲಸಿಬಿಟ್ಟರು. ಗೆಳತಿ "ಅಯ್ಯೋ, ಉಪ್ಪು!" ಅಂತ ಕೂಗಿದಳು. ಅವಳು ಸಿಯೋಲ್‌ನವಳು. ಅಲ್ಲಿಯವರು ಇದಕ್ಕೆ ಉಪ್ಪು ಹಾಕುತ್ತಾರೆ. ಗ್ವಾಂಗ್‌ಜು ಇರುವ ಈ ಜೊಲ್ಲಾ ಸೀಮೆಯವರಿಗೆ ಸಕ್ಕರೆ ಬೇಕು. ಇಬ್ಬರೂ ನನ್ನ ಬಟ್ಟಲಿನ ಮೇಲೆ ಬಗ್ಗಿ ವಾದಕ್ಕೆ ನಿಂತರು. ಕೊನೆಗೆ ಅಮ್ಮ ಒಳಗಿಂದ ಇನ್ನೊಂದು ಸಣ್ಣ ಬಟ್ಟಲು ತಂದು, ಅದಕ್ಕೆ ಸಕ್ಕರೆ ಹಾಕದೆ ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಟರು.

ಸಕ್ಕರೆಯದು ರುಚಿಯಾಗಿತ್ತು. ಆದರೆ ಅದನ್ನು ತಿನ್ನುವಾಗ ನಾನು ಪೂರ್ತಿ ಹಾಸನದಲ್ಲೇ ಇದ್ದೆ, ಕಾಯಿಹಾಲನ್ನೇ ಹುಡುಕುತ್ತಿದ್ದೆ. ಉಪ್ಪಿನದು ಬೇರೆ. ಒಂದು ಚಿಟಿಕೆ ಉಪ್ಪು ಬಿದ್ದ ಕೂಡಲೇ ಕಾಳು ಎದ್ದು ಮಾತಾಡಿದ ಹಾಗಾಯಿತು. ಮೂರನೇ ತುತ್ತಿಗೆ ಗೊತ್ತಾಯಿತು: ಬೇಯಿಸಿದ ಕಾಳಿನ ಕಂಪು, ಹಿಂದೆಯೇ ಎಳ್ಳು ಹುರಿದಂಥ ಒಂದು ಎಣ್ಣೆಯ ಜಿಡ್ಡು, ಕೊನೆಯಲ್ಲಿ ಸಣ್ಣಗೆ ಸಿಹಿ. ಆ ಸಿಹಿ ಕಾಳಿನದೇ. ಇದಕ್ಕೆ ಇವರಲ್ಲಿ ಒಂದು ಪದವೇ ಇದೆ, 'ಕೊಸೊಹಾದಾ'. ಎಳ್ಳು, ಕಡಲೆಬೀಜ, ಕಾಳು, ಎಲ್ಲದರ ಆ ರುಚಿಗೂ ಘಮಕ್ಕೂ ಸೇರಿ ಒಂದೇ ಮಾತು. ಕನ್ನಡದಲ್ಲಿ ಹುಡುಕಿದೆ, ಸರಿಯಾದ್ದು ನನಗೆ ಸಿಗಲಿಲ್ಲ.

ಊಟದ ಗಲಾಟೆ ಮುಗಿದ ಮೇಲೆ ಅಮ್ಮ ಅಡುಗೆಮನೆಗೆ ಕರೆದರು. ಅಲ್ಲಿ ನಾಳೆಯ ಕಾಳು ದೊಡ್ಡ ಬೋಗುಣಿಯಲ್ಲಿ. ನೆನೆದು ಉಬ್ಬಿದ ಕಾಳನ್ನು ನೀರಿನಲ್ಲಿ ಎರಡೂ ಅಂಗೈಯಿಂದ ಮೆತ್ತಗೆ ಉಜ್ಜುತ್ತಿದ್ದರು. ಸಿಪ್ಪೆಗಳು ಪಾರದರ್ಶಕವಾಗಿ ಮೇಲೆ ತೇಲಿ ಬರುತ್ತಿದ್ದವು, ಅವನ್ನು ನೀರಿನ ಜೊತೆಗೇ ಬಗ್ಗಿಸಿಬಿಡುವುದು. ಹಿದುಕಿದ ಅವರೆಬೇಳೆ! ನಾನು ಕೇಳದೆ ಕೈ ಹಾಕಿದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಕಾಳು ಇಟ್ಟು ಒತ್ತಿದೆ, ಬೇಳೆ ಪುಟಕ್ಕನೆ ಹಾರಿತು. ಅಮ್ಮ ಕಣ್ಣರಳಿಸಿ, "ನಿನಗೆ ಇದು ಬರುತ್ತಾ?" ಅಂದರು. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೂತು ರಾಶಿ ಅವರೆಕಾಳು ಹಿದುಕುವುದನ್ನು ನನ್ನ ಅರೆಬರೆ ಕೊರಿಯನ್‌ನಲ್ಲಿ ಹೇಳಿದೆ. ಗೆಳತಿ ಅರ್ಧ ಸೇರಿಸಿದಳು.

ಬೇಯಿಸುವುದರಲ್ಲೇ ಎಲ್ಲ ಇದೆ ಅಂತ ಅಮ್ಮ ಎರಡೆರಡು ಸಲ ಹೇಳಿದರು. ಕಡಿಮೆ ಬೆಂದರೆ ಹಸಿ ವಾಸನೆ. ಜಾಸ್ತಿ ಬೆಂದರೆ ಮೆಜು ವಾಸನೆ. ಮೆಜು ಅಂದರೆ ಸೋಯಾ ಕಾಳು ಬೇಯಿಸಿ ಕುಟ್ಟಿ, ಇಟ್ಟಿಗೆಯ ಹಾಗೆ ಕಟ್ಟಿ ಹುಳಿಯಲು ಬಿಡುವ ಮುದ್ದೆ. ಅದು ಹುದುಗಿದ ಮೇಲೆ ದೊಯೆಂಜಾಂಗ್‌ಗೆ, ಅಂದರೆ ಇವರ ಸೋಯಾ ಪೇಸ್ಟ್‌ಗೆ ಬೇಕು, ಇದಕ್ಕೆ ಬೇಡ. ಗಡಿಯಾರ ನೋಡಬೇಡ, ಒಂದು ಕಾಳು ಕಚ್ಚಿ ನೋಡು ಅಂದರು.

ವಾಪಸ್ ಬರುವಾಗ ಗೆಳತಿ ಇನ್ನೊಂದು ವಿಷಯ ಹೇಳಿದಳು. ಇಲ್ಲಿನ ಬೌದ್ಧ ಗುಡಿಗಳಲ್ಲಿ ನೂಡಲ್ಸ್‌ಗೆ 'ಸುಂಗ್‌ಸೊ' ಅಂತ ಹೆಸರಂತೆ, ಅಂದರೆ ಭಿಕ್ಷುವಿನ ನಗು. ತಟ್ಟೆಯಲ್ಲಿ ಅದು ಬಂದ ದಿನ ಅವರ ಮುಖ ಅರಳುತ್ತೆ ಅಂತ. ಎಷ್ಟು ಚೆಂದದ ಹೆಸರು ಅಲ್ವಾ!

ರಾತ್ರಿ ಹತ್ತಕ್ಕೆ ನನ್ನ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಆರೂವರೆ, ದೀಪ ಹಚ್ಚುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, "ಸಿಪ್ಪೆಯನ್ನ ಹಸುಗೆ ಹಾಕ್ತಾರಾ?" ನಾಳೆ ಹೋಗಿ ಅದನ್ನು ಕೇಳಬೇಕು. ಬರುವಾಗ ಅರ್ಧ ಕೆಜಿ ಸೋಯಾ ಕಾಳು ತಂದಿದ್ದೇನೆ. ಒಂದು ಹಿಡಿ ನೆನೆಹಾಕಿ ಮಲಗುತ್ತೇನೆ.