ಸಿಡಿಲಿನ ದಿಕ್ಕು ಹಿಡಿಯುವ ಮೂರು ಆಂಟೆನಾ, ಪ್ರಗತಿ 3: ಕರೆಂಟ್ ಹೋಗಿ ಬಂದರೂ ಅಲುಗದ ಕ್ಲಾಕ್

ಧಾರವಾಡದ ತಾರಸಿಯ ಮೇಲೆ ಮೂರು ಆಂಟೆನಾ, ಒಂದಕ್ಕೊಂದು 20 ಮೀಟರ್ ದೂರ. ಕೆಳಗಿನ ಕೋಣೆಯಲ್ಲಿ ಆಂಟೆನಾ ಸಿಗ್ನಲನ್ನು ಅಂಕಿಗಳಾಗಿಸುವ ಮೂರು ಡಿಜಿಟೈಸರ್ ಬೋರ್ಡ್, ಒಂದೊಂದೂ ಸೆಕೆಂಡಿಗೆ 62.5 ಮಿಲಿಯನ್ ಸ್ಯಾಂಪಲ್, ಅಂದರೆ 16 ನ್ಯಾನೋಸೆಕೆಂಡಿಗೆ ಒಂದು. ಸಿಡಿಲಿನ ರೇಡಿಯೋ ಅಲೆ ಯಾವ ಆಂಟೆನಾಗೆ ಎಷ್ಟು ಮೊದಲು ಮುಟ್ಟಿತು ಎನ್ನುವುದರಿಂದ ದಿಕ್ಕು ಸಿಗುತ್ತದೆ. ಇದರಲ್ಲಿ 4 ನ್ಯಾನೋಸೆಕೆಂಡ್ ತಪ್ಪಿದರೆ ಬೆಳಕಿನ ಲೆಕ್ಕದಲ್ಲಿ 1.2 ಮೀಟರ್, ನೆತ್ತಿಯ ಮೇಲಿನ ಮಿಂಚು ಸುಮಾರು ಮೂರೂವರೆ ಡಿಗ್ರಿ ಸರಿದು ಕಾಣುತ್ತದೆ.

ಕಳೆದ ಭಾಗದಲ್ಲಿ ಮೂರೂ ಬೋರ್ಡ್‌ಗೆ ಒಂದೇ 10 ಮೆಗಾಹರ್ಟ್ಸ್ ರೆಫರೆನ್ಸ್, ಅಂದರೆ ಮೂರಕ್ಕೂ ತಾಳ ಕೊಡುವ ಕ್ಲಾಕ್ ಸಿಗ್ನಲ್, ಕೊಟ್ಟಾಗಿತ್ತು. ಅದಕ್ಕೂ ಮೊದಲು, ಬೋರ್ಡಿನ ಸ್ವಂತ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು ತಪ್ಪಬಹುದಾದ) ಕ್ರಿಸ್ಟಲ್ ಮೇಲೆ ಬಿಟ್ಟರೆ, ಎರಡು ಬೋರ್ಡ್ ಒಂದೇ ಸೆಕೆಂಡಿನಲ್ಲಿ 40 ಮೈಕ್ರೋಸೆಕೆಂಡ್‌ವರೆಗೂ ಬೇರೆಯಾಗಬಹುದಿತ್ತು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಬೆಳಕು ದಾಟಲು ಬೇಕಾದದ್ದು 5 ಮೈಕ್ರೋಸೆಕೆಂಡ್ ಮಾತ್ರ. ಆ ಜಾರುವಿಕೆ ಈಗ ನಿಂತಿದೆ. ಆದರೆ ಬೋರ್ಡ್‌ಗಳನ್ನು ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಅವುಗಳ ನಡುವಿನ ವ್ಯತ್ಯಾಸ ಬದಲಾಗುತ್ತಿತ್ತು: 0, 4, 8, 12 ನ್ಯಾನೋಸೆಕೆಂಡ್, ಇವುಗಳಲ್ಲಿ ಯಾವುದೋ ಒಂದು.

ಕಾರಣ ಬೋರ್ಡಿನ ಪಿಎಲ್‌ಎಲ್ (ರೆಫರೆನ್ಸಿಗೆ ಹೋಲಿಸುತ್ತಾ ಅದಕ್ಕೆ ಕಟ್ಟಿದ ಬೇರೆ ವೇಗದ ಕ್ಲಾಕ್ ಮಾಡುವ ಸರ್ಕ್ಯೂಟ್) ಒಳಗಿನ ಭಾಗಾಕಾರದಲ್ಲಿದೆ. 10ರಿಂದ 62.5 ಮಾಡಲು ಅದು ರೆಫರೆನ್ಸನ್ನು 4ರಿಂದ ಭಾಗಿಸಿ, 2.5 ಮೆಗಾಹರ್ಟ್ಸ್ ಮಾಡಿಕೊಂಡು, 25ರಿಂದ ಗುಣಿಸುತ್ತದೆ. ರೆಫರೆನ್ಸ್ ಅಲೆ ಮೇಲೇರುವ ನಾಲ್ಕು ಅಂಚುಗಳಲ್ಲಿ ಯಾವುದರಿಂದ ಎಣಿಕೆ ಶುರು ಎನ್ನುವುದು ಆನ್ ಆದ ಗಳಿಗೆಯ ಮೇಲೆ ನಿಂತದ್ದು. ಒಂದು ಅಂಚು ಆಚೀಚೆಯಾದರೆ 100 ನ್ಯಾನೋಸೆಕೆಂಡ್; ಅದರಲ್ಲಿ ಆರು ಪೂರ್ತಿ ಸ್ಯಾಂಪಲ್, ಅಂದರೆ ಹದಿನಾರರ ಆರು ಪಟ್ಟು ಕಳೆದರೆ ಉಳಿಯುವುದು 4. ಒಮ್ಮೆ ಅಳೆದು ಸಾಫ್ಟ್‌ವೇರ್‌ನಲ್ಲಿ ತಿದ್ದಿಕೊಂಡರಾಯಿತು ಅನ್ನುವಂತಿಲ್ಲ. ಮೇ ತಿಂಗಳ ಅಡ್ಡಮಳೆಯಲ್ಲಿ ಕರೆಂಟ್ ಹೋಗುವುದು ಸಿಡಿಲು ಹೊಡೆಯುವ ಹೊತ್ತಿಗೇ.

ಹೀಗಾಗಿ ಭಾಗಾಕಾರವನ್ನು ಬೋರ್ಡಿನಿಂದ ಹೊರಗೆ, ಒಂದೇ ಕಡೆಗೆ ತಂದೆವು. ಒಂದು 74ಎಸಿ74 ಚಿಪ್ಪಿನ ಎರಡು ಫ್ಲಿಪ್‌ಫ್ಲಾಪ್, ಒಂದೊಂದೂ ಎರಡರಿಂದ ಭಾಗಿಸಿ, 10ನ್ನು 2.5 ಮಾಡುತ್ತವೆ. ಅಲ್ಲಿಂದ 74ಎಸಿ04ರ ಮೂರು ಗೇಟ್, ಪ್ರತಿ ಗೇಟಿನ ಮುಂದೆ 39 ಓಮ್ ರೆಸಿಸ್ಟರ್, 1 ಮೀಟರಿನ ಮೂರು ಆರ್‌ಜಿ-58 ಕೇಬಲ್. ಬಿಎನ್‌ಸಿ ಟೀ (ಕೇಬಲನ್ನು ಕವಲೊಡೆಸುವ ಕನೆಕ್ಟರ್) ಹಾಕಿ ಬೋರ್ಡಿನಿಂದ ಬೋರ್ಡಿಗೆ ಸರಪಳಿ ಎಳೆಯಬೇಡಿ: ಮೀಟರಿಗೆ 5 ನ್ಯಾನೋಸೆಕೆಂಡ್ ತಡ ಸೇರುತ್ತದೆ, ನಡುವಿನ ಬೋರ್ಡಿನಲ್ಲಿ ಅಂಚು ಮೆಟ್ಟಿಲಾಗುತ್ತದೆ. ಪಿಎಲ್‌ಎಲ್ ರಿಜಿಸ್ಟರ್‌ನಲ್ಲಿ ರೆಫರೆನ್ಸ್ ಭಾಜಕ 4ರ ಬದಲು 1. ಹೋಲಿಕೆ ಮೊದಲೂ 2.5ರಲ್ಲೇ ನಡೆಯುತ್ತಿದ್ದುದರಿಂದ ಲೂಪ್ ಫಿಲ್ಟರ್ ಮುಟ್ಟಬೇಕಿಲ್ಲ. ಒಂದು ಎಚ್ಚರಿಕೆ: ಹೋಲಿಕೆಗೆ ಹಿಂದಿರುಗುವ ಫೀಡ್‌ಬ್ಯಾಕನ್ನು 62.5 ಮೆಗಾಹರ್ಟ್ಸ್ ಔಟ್‌ಪುಟ್‌ನಿಂದಲೇ ತೆಗೆದುಕೊಳ್ಳಬೇಕು. ಪಿಎಲ್‌ಎಲ್ ಒಳಗಿನ ಆಂದೋಲಕ ವಿಸಿಓದಿಂದ ತೆಗೆದರೆ ಔಟ್‌ಪುಟ್ ಭಾಜಕದಲ್ಲಿ ಇದೇ ರೋಗ ಮತ್ತೆ ಹುಟ್ಟುತ್ತದೆ.

ದಾಖಲೆ ಮಾಡು ಎಂದು ಬೋರ್ಡಿಗೆ ಹೇಳುವ ಟ್ರಿಗರ್, ಸಿಗ್ನಲ್ ಮಿತಿ ದಾಟಿದ್ದನ್ನು ಗುರುತಿಸುವ ಕಂಪ್ಯಾರೇಟರ್‌ನಿಂದ, ಯಾವಾಗ ಬೇಕಾದರೂ ಬರುತ್ತದೆ. ಅದನ್ನು ಇನ್ನೊಂದು 74ಎಸಿ74ರಲ್ಲಿ ಎರಡು ಹಂತ ದಾಟಿಸಿ 2.5 ಮೆಗಾಹರ್ಟ್ಸ್ ಅಂಚಿಗೆ ಕಟ್ಟಿದ್ದೇವೆ. ಹೆಚ್ಚೆಂದರೆ 800 ನ್ಯಾನೋಸೆಕೆಂಡ್ ತಡ, ಟ್ರಿಗರ್‌ಗೆ ಮೊದಲಿನ ಸ್ಯಾಂಪಲ್‌ಗಳನ್ನೂ ಹಿಡಿದಿಡುವ ಪ್ರೀ-ಟ್ರಿಗರ್ ಬಫರ್ ಅದನ್ನು ನುಂಗಿಕೊಳ್ಳುತ್ತದೆ. ಬೋರ್ಡಿಗೆ ಹೋಗುವ ಕ್ಲಾಕ್ ಮೇಲೇರುವ ಅಂಚಿನಲ್ಲೇ ಇದನ್ನು ಹಿಡಿಯಬೇಕು. ಇಳಿಯುವ ಅಂಚು ನಡುಮಧ್ಯದಲ್ಲಿದೆ, ಸುರಕ್ಷಿತ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ: ಅರ್ಧ ಆವರ್ತದ 200 ನ್ಯಾನೋಸೆಕೆಂಡಿನಲ್ಲಿ ಹನ್ನೆರಡು ಸ್ಯಾಂಪಲ್ ಕಳೆದರೆ 8, ಚಿಪ್ಪಿನ ತಡ 6ರ ಆಸುಪಾಸು, ಒಟ್ಟು 14. ಮುಂದಿನ ಸ್ಯಾಂಪಲ್ ಅಂಚಿಗೆ ಉಳಿಯುವುದು 2 ನ್ಯಾನೋಸೆಕೆಂಡ್. ಒಂದು ಬೋರ್ಡ್ ಈ ಅಂಚಿಗೆ ಹಿಡಿದರೆ ಮತ್ತೊಂದು ಮುಂದಿನದಕ್ಕೆ ಹಿಡಿಯುತ್ತದೆ. ಮೇಲೇರುವ ಅಂಚಿನಲ್ಲಿ 10 ಉಳಿಯುತ್ತದೆ.

ಪರೀಕ್ಷೆಗೆ 24.9 ಓಮಿನ ನಾಲ್ಕು ರೆಸಿಸ್ಟರ್ ನಕ್ಷತ್ರದಂತೆ ಬೆಸೆದು ಒಂದೇ ಸಿಗ್ನಲನ್ನು ಮೂರು ಬೋರ್ಡಿಗೆ ಹಂಚಿ. 5 ಮೆಗಾಹರ್ಟ್ಸ್ ಸೈನ್ ಅಲೆಯಲ್ಲಿ 4 ನ್ಯಾನೋಸೆಕೆಂಡ್ 7.2 ಡಿಗ್ರಿಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಟ್ರಿಗರ್ 400 ನ್ಯಾನೋಸೆಕೆಂಡ್ ಜಾರಿದ್ದರೆ ಅದು ಸರಿಯಾಗಿ ಎರಡು ಆವರ್ತ, ಸೈನ್ ಅದನ್ನು ಮುಚ್ಚಿಹಾಕುತ್ತದೆ. ಸೈನ್ ಆದ ಮೇಲೆ ಒಂಟಿ ಪಲ್ಸ್ ಕೊಟ್ಟು ನೋಡಲೇಬೇಕು. ಈಗ ಎಷ್ಟು ಸಲ ಆಫ್-ಆನ್ ಮಾಡಿದರೂ ವ್ಯತ್ಯಾಸ ಒಂದೇ.

ಇನ್ನು ಉಳಿದದ್ದು ಆಂಟೆನಾ ಕೇಬಲ್. 10 ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಅರ್ಧ ನ್ಯಾನೋಸೆಕೆಂಡ್. ಮೂರನ್ನೂ ಒಂದೇ ಸುರುಳಿಯಿಂದ ಕತ್ತರಿಸಿ, ಹತ್ತಿರದ ಆಂಟೆನಾದ ಹೆಚ್ಚುವರಿಯನ್ನು ಒಳಗೇ ಸುತ್ತಿಡುವ ಕೆಲಸ ನಡೆದಿದೆ.