ಮಧ್ಯಾಹ್ನವಷ್ಟೇ ಟ್ರಿಪ್ ಆಗುತ್ತಿದ್ದ ಛಾವಣಿ ಎಸಿ: ಕೊನೆಗೂ ಸಿಕ್ಕ ಕಾರಣ

ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಟ್ರಾವೆಲರ್ ವ್ಯಾನಿನ ಛಾವಣಿ ಎಸಿ ಈಗ ನಿಲ್ಲದೆ ಓಡುತ್ತಿದೆ. ಕಂಪ್ರೆಸರ್ ವೈರಿಗೆ ಕ್ಲಾಂಪ್ ಮೀಟರ್ ಹಾಕಿದರೆ 7.1 ಆಂಪಿಯರ್. ರೋಗ ಗ್ಯಾಸಿನದಲ್ಲ, ಕಂಪ್ರೆಸರಿನದೂ ಅಲ್ಲ. ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಕಾಯಿಲ್‌ನ ಎರಡು ಸಾಲುಗಳ ನಡುವೆ, ಹೊರಗಿನಿಂದ ಕಣ್ಣಿಗೇ ಬೀಳದ ಜಾಗದಲ್ಲಿ, ತೊಗರಿ ಹೊಟ್ಟು ಮತ್ತು ಎರೆಮಣ್ಣಿನ ಧೂಳು ಸೇರಿ ಕಂಬಳಿಯಂತೆ ಕಟ್ಟಿಕೊಂಡಿತ್ತು.

ಯುನಿಟ್ 13,500 ಬಿಟಿಯು (ಒಂದು ಟನ್‌ಗಿಂತ ತುಸು ಹೆಚ್ಚು), 230 ವೋಲ್ಟ್, ಗ್ಯಾಸ್ ಆರ್-410ಎ, ಅದು ಸಣ್ಣ ಕ್ಯಾಪಿಲರಿ ನಳಿಗೆಯಲ್ಲಿ ಹಾಯುವ ಮಾದರಿ, ಗ್ಯಾಸ್ ತುಂಬುವ ಸರ್ವಿಸ್ ವಾಲ್ವ್ ಇಲ್ಲದ ಸೀಲ್ಡ್ ಸಿಸ್ಟಮ್. ಶ್ರೌಡ್ (ಮೇಲಿನ ಮುಚ್ಚಳ) ಬಿಚ್ಚುವುದು, ಫಿಲ್ಟರ್ ತೊಳೆಯುವುದು, 14 ಇಂಚಿನ ಚೌಕದ ಮೇಲೆ ಗ್ಯಾಸ್ಕೆಟ್ ಕೂರಿಸಿ ನಾಲ್ಕು ಬೋಲ್ಟ್ ಸಮನಾಗಿ ಬಿಗಿಯುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಗ್ಯಾಸ್ಕೆಟ್ ಅರ್ಧ ದಪ್ಪಕ್ಕೆ ಇಳಿದ ಮೇಲೆ ಸ್ಪಾನರ್ ಕೆಳಗಿಡಿ, ಇನ್ನೂ ಬಿಗಿದರೆ ತಳದ ಪ್ಯಾನ್ ಸೊಟ್ಟಗಾಗಿ ನೀರು ಒಳಗಿಳಿಯುತ್ತದೆ. ಇಷ್ಟು ಸಾಕು.

ತೊಂದರೆ ಹೀಗಿತ್ತು. ಬೆಳಿಗ್ಗೆ ಹೊರಗೆ 30 ಡಿಗ್ರಿ ಇರುವಾಗ ಎಸಿಗೆ ಹೋಗುವ ಗಾಳಿ 28, ಬರುವ ಗಾಳಿ 17. ಹನ್ನೊಂದು ಡಿಗ್ರಿ ವ್ಯತ್ಯಾಸ, ತಕರಾರಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಆಂಪಿಯರ್ 6.2ರಿಂದ ಮೆಲ್ಲಗೆ ಏರಿ 8.4 ಮುಟ್ಟುತ್ತಲೇ ‘ಟಕ್’ ಎಂದು ಕಂಪ್ರೆಸರ್ ಬಂದ್. ಫ್ಯಾನ್ ಮಾತ್ರ ಬಿಸಿಗಾಳಿ ತಿರುಗಿಸುತ್ತಿರುತ್ತದೆ. ಅರ್ಧ ಗಂಟೆಯ ಮೇಲೆ ಕಂಪ್ರೆಸರ್ ತಣ್ಣಗಾಗಿ ತಾನೇ ಚಾಲೂ. ಇದು ಕಂಪ್ರೆಸರ್ ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಓವರ್‌ಲೋಡ್ ಪ್ರೊಟೆಕ್ಟರ್ ತನ್ನ ಕೆಲಸ ಮಾಡುವ ರೀತಿ. ಅದನ್ನು ಬೈಪಾಸ್ ಮಾಡಿಕೊಡುತ್ತೇವೆ ಅನ್ನುವವರನ್ನು ಗಾಡಿಯ ಹತ್ತಿರಕ್ಕೂ ಬಿಡಬೇಡಿ, ಮೋಟಾರಿನ ವೈಂಡಿಂಗ್ ಸುಟ್ಟುಹೋಗುತ್ತದೆ.

ಮೊದಲ ಗುಮಾನಿ ಕೆಪಾಸಿಟರ್ ಮೇಲೆ. 35+5 ಮೈಕ್ರೋಫ್ಯಾರಡ್‌ನ (ಕಂಪ್ರೆಸರಿಗೆ 35, ಫ್ಯಾನಿಗೆ 5) ಹಳೆಯದು ಮೀಟರಿನಲ್ಲಿ 35ರ ಬದಲು 26 ತೋರಿಸಿತು, ಬದಲಾಯಿಸಲೇಬೇಕಿತ್ತು. ಆದರೆ ಹೈದರಾಬಾದಿನಿಂದ ಕೊರಿಯರ್‌ನಲ್ಲಿ ಬಂದ ಹೊಸದು 31! ಶೇ 6ರ ವಿನಾಯಿತಿ ಕೊಟ್ಟರೂ 33ಕ್ಕಿಂತ ಕೆಳಗಿರಬಾರದು. ಫೋನ್ ಮಾಡಿದರೆ ‘ಅಷ್ಟು ಫರಕ್ ನಡೀತದ್ರೀ ಸರ್, ಕಣ್ಣ್ ಮುಚ್ಚಿ ಹಾಕ್ರಿ’ ಎಂಬ ಉತ್ತರ. ನಡೆಯುವುದಿಲ್ಲ. ಕೆಪಾಸಿಟರನ್ನು ಅಂಗಡಿಯ ಕಟ್ಟೆಯ ಮೇಲೇ ಅಳೆದು ದುಡ್ಡು ಕೊಡಿ, ಕೊರಿಯರ್‌ನಲ್ಲಿ ತರಿಸಬೇಡಿ. ಸರಿಯಾದದ್ದು ಹಾಕಿದ ಮೇಲೆ ಸ್ಟಾರ್ಟ್ ಸಲೀಸಾಯಿತು, ಮಧ್ಯಾಹ್ನದ ಟ್ರಿಪ್ ಹಾಗೇ ಉಳಿಯಿತು.

ಎರಡನೆಯದು ವೋಲ್ಟೇಜ್. ಬೇಸಿಗೆಯ ಮಧ್ಯಾಹ್ನ ಪಾಯಿಂಟಿನಲ್ಲೇ 198 ವೋಲ್ಟ್. ಅಲ್ಲಿಂದ ಗಾಡಿಗೆ 30 ಮೀಟರ್ ಉದ್ದದ, 1.5 ಚದರ ಮಿಮೀ ತಾಮ್ರದ ಕೇಬಲ್. ಹೋಗಿಬರುವ 60 ಮೀಟರಿಗೆ 0.73 ಓಮ್ ಪ್ರತಿರೋಧ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಸುಮಾರು 35 ಆಂಪಿಯರ್ ಎಳೆಯುವುದರಿಂದ 25 ವೋಲ್ಟ್ ಕೇಬಲ್ಲಿನಲ್ಲೇ ಕರಗಿ, ಕಂಪ್ರೆಸರಿಗೆ ಮುಟ್ಟುವುದು 173. ಮೋಟಾರಿನ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಇರಬೇಕಾದದ್ದರಲ್ಲಿ ಶೇ 57 ಮಾತ್ರ. 4 ಚದರ ಮಿಮೀ ಕೇಬಲ್ ಎಳೆದರೆ ನಷ್ಟ 10 ವೋಲ್ಟಿನೊಳಗೆ ನಿಲ್ಲುತ್ತದೆ. ದುಬಾರಿ ನಿಜ, ಆದರೂ ಛಾವಣಿ ಎಸಿ ಇರುವ ಎಲ್ಲರೂ ಮಾಡಬೇಕಾದ ಖರ್ಚು. ಇದರಿಂದಲೂ ಟ್ರಿಪ್ ನಿಲ್ಲಲಿಲ್ಲ, ಸ್ವಲ್ಪ ತಡವಾಯಿತು ಅಷ್ಟೇ.

ಇಲ್ಲಿಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಗ್ಯಾಸ್ ಕಮ್ಮಿ ಆಗ್ಯದ’. ಅಲ್ಲ. ಗ್ಯಾಸ್ ಕಡಿಮೆಯಾದರೆ ಆಂಪಿಯರ್ ಇಳಿಯುತ್ತದೆ, ಏರುವುದಿಲ್ಲ. ಬೆಳಿಗ್ಗೆಯೂ ಗಾಳಿ ಇಷ್ಟು ತಣ್ಣಗೆ ಬರುವುದಿಲ್ಲ. ಗ್ಯಾಸ್ ತುಂಬಲೆಂದು ಸೀಲ್ಡ್ ಪೈಪಿಗೆ ಪಿಯರ್ಸಿಂಗ್ ವಾಲ್ವ್ ಚುಚ್ಚಿದರೆ ಇಲ್ಲದ ಸೋರಿಕೆಯನ್ನು ನಾವೇ ಹುಟ್ಟಿಸಿದಂತೆ. ತೂಕ ಮಾಡದೆ ತುಂಬಿದ ಗ್ಯಾಸ್ ಮಧ್ಯಾಹ್ನದ ಒತ್ತಡವನ್ನು ಇನ್ನೂ ಏರಿಸುತ್ತದೆ.

ಉಳಿದದ್ದು ಗಾಳಿ. ಎರಡು ಪ್ರೋಬ್ ಇರುವ ಥರ್ಮಾಮೀಟರ್ ತೆಗೆದುಕೊಂಡು ಒಂದನ್ನು ಗಾಳಿ ಒಳಹೋಗುವ ಶ್ರೌಡಿನ ಪಕ್ಕದ ಕಿಂಡಿಯಲ್ಲಿ, ಇನ್ನೊಂದನ್ನು ಹಿಂದೆ ಬಿಸಿಗಾಳಿ ಹೊರಬೀಳುವ ಕಡೆ ಇಟ್ಟಾಗ ಗುಟ್ಟು ಬಯಲಾಯಿತು. ನೆರಳಿನಲ್ಲಿ 42, ಕಿಂಡಿಯಲ್ಲಿ 45, ಹೊರಬೀಳುವ ಗಾಳಿ 64. ಇದರಲ್ಲಿ ಎರಡು ದೋಷ ಕಾಣುತ್ತವೆ. ಕಿಂಡಿಯ 3 ಡಿಗ್ರಿ ಹೆಚ್ಚಳ ಎಂದರೆ ಹೊರಬಿದ್ದ ಬಿಸಿಗಾಳಿ ತಿರುಗಿ ಒಳಗೇ ಬರುತ್ತಿದೆ. 19 ಡಿಗ್ರಿಯ ಏರಿಕೆ ಎಂದರೆ ಕಾಯಿಲ್ ದಾಟುವ ಗಾಳಿಯೇ ಕಡಿಮೆ. ಹೊರಬೀಳುವ ಗಾಳಿಯೇ 64 ಇದ್ದರೆ ಕಾಯಿಲ್ ಒಳಗೆ ಗ್ಯಾಸ್ ಅದಕ್ಕಿಂತ ಬಿಸಿ, ಒತ್ತಡ 40 ಬಾರ್ ದಾಟಿರುತ್ತದೆ. ಆರ್-410ಎ ಸುಮಾರು 71 ಡಿಗ್ರಿಯ ಮೇಲೆ ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ಆ ಗಡಿ ದೂರವಿಲ್ಲ, ಅದಕ್ಕೇ ಈ ರೋಗ ಬೆಳಿಗ್ಗೆ ಅಡಗಿ ಮಧ್ಯಾಹ್ನ ಎದ್ದು ಬರುತ್ತದೆ.

ಕಾಯಿಲ್ ಹೊರಮೈ ಮಾತ್ರ ಫಳಫಳ. ಕತ್ತಲಾದ ಮೇಲೆ ಒಳಗಡೆಯಿಂದ ಟಾರ್ಚ್ ಹಿಡಿದರೆ ಹೊರಕ್ಕೆ ಬೆಳಕಿನ ಒಂದು ಚುಕ್ಕೆಯೂ ಬರಲಿಲ್ಲ. ಈ ಪರೀಕ್ಷೆಗೆ ದುಡ್ಡಿಲ್ಲ, ಎಲ್ಲರೂ ಮಾಡಿ ನೋಡಿ. ಕಲಬುರಗಿಯ ಕಪನೂರ ಕಡೆಯ ದಾಲ್ ಮಿಲ್‌ಗಳ ಸುತ್ತ ನಿಲ್ಲುವ ಗಾಡಿಗಳಲ್ಲಂತೂ ತಪ್ಪದೆ ಮಾಡಬೇಕು.

ಶುಚಿ ಮಾಡುವ ಕ್ರಮ. ಕರೆಂಟ್ ಪ್ಲಗ್ ಕಿತ್ತು, ಕೆಪಾಸಿಟರನ್ನು 20 ಕಿಲೋ-ಓಮ್ 5 ವ್ಯಾಟ್ ರೆಸಿಸ್ಟರಿನಿಂದ ಡಿಸ್ಚಾರ್ಜ್ ಮಾಡಿ, ವೋಲ್ಟ್ ಸೊನ್ನೆಗೆ ಬಂದದ್ದನ್ನು ಮೀಟರಿನಲ್ಲಿ ನೋಡಿಕೊಳ್ಳಿ. ಫ್ಯಾನ್ ಮೋಟಾರಿಗೂ ವೈರಿಂಗ್ ಪೆಟ್ಟಿಗೆಗೂ ಪ್ಲಾಸ್ಟಿಕ್ ಸುತ್ತಿ. ಕಾಯಿಲ್‌ನ ಎರಡು ತುದಿಯ ತಗಡಿನ ಸ್ಕ್ರೂ ತೆಗೆದರೆ ಸಾಲುಗಳು ಒಂದು ಕಡೆ ಬಿಡಿಯಾಗುತ್ತವೆ, ಇನ್ನೊಂದು ಕಡೆ ಯು-ಬೆಂಡ್ ಹಿಡಿದಿರುತ್ತದೆ. ಬಿಡಿಯಾದ ಕಡೆ 10ರಿಂದ 15 ಮಿಮೀ ಅಗಲಿಸಿದರೆ ಸಾಕು. ಹೆಚ್ಚು ಎಳೆದರೆ ತಾಮ್ರ ಬಿರುಸಾಗಿ ಬೆಂಡಿನ ಬುಡದಲ್ಲಿ ಬಿರುಕು ಬಿಡುತ್ತದೆ, ಆಗ ಗ್ಯಾಸಿನ ಕೆಲಸ ನಿಜವಾಗಿಯೂ ಬರುತ್ತದೆ. ಮರದ ಚಕ್ಕೆ ಸಿಕ್ಕಿಸಿ ಹಾಗೇ ನಿಲ್ಲಿಸಿ.

ನೀರನ್ನು ಮೊದಲೇ ಹಾಕಬೇಡಿ. ಎರೆಮಣ್ಣು ನೀರು ಕುಡಿದು ಉಬ್ಬಿ ಫಿನ್ (ಕಾಯಿಲ್‌ನ ತೆಳು ತಗಡು) ನಡುವೆ ಮೆತ್ತಿಕೊಂಡರೆ ಬಿಡಿಸುವುದು ಭಾಳ ತ್ರಾಸು. ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಹೊಟ್ಟನ್ನು ಒಣಗಿದ್ದಾಗಲೇ ಎತ್ತಿ. ಆಮೇಲೆ 5 ಲೀಟರ್ ನೀರಿಗೆ 50 ಮಿಲಿ ಪಾತ್ರೆ ತೊಳೆಯುವ ಲಿಕ್ವಿಡ್, ಹತ್ತು ನಿಮಿಷ ನೆನೆಸಿ, ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ಸಾದಾ ಪೈಪಿನ ನೀರು. ಆ್ಯಸಿಡ್ ಫಿನ್ ತಿನ್ನುತ್ತದೆ. ಕಾರ್ ವಾಶ್‌ನ ಪ್ರೆಶರ್ ಗನ್ ಫಿನ್‌ಗಳನ್ನು ಮಡಚಿ ಗಾಳಿಗೆ ದಾರಿಯೇ ಇಲ್ಲದಂತೆ ಮಾಡುತ್ತದೆ. ಮಡಚಿದ ಫಿನ್‌ಗಳನ್ನು ಬಾಚಣಿಗೆಯಿಂದ ನೆಟ್ಟಗೆ ಮಾಡಿ.

ಬಿಸಿಗಾಳಿ ತಿರುಗಿ ಬರಲು ಕಾರಣ, ಕಾಯಿಲ್ ಮತ್ತು ಶ್ರೌಡ್ ನಡುವಿನ ಫೋಮ್ ಪಟ್ಟಿ ಪುಡಿಯಾಗಿ ಹೋಗಿದ್ದದ್ದು. ಬೇಕಾದದ್ದು ನೀರು ಹೀರದ ನೈಟ್ರೈಲ್ ಫೋಮ್, 10 ಮಿಮೀ. ತರಿಸಿದ ಪಾರ್ಸಲ್ ಬಿಚ್ಚಿದರೆ ಬಂದಿದ್ದು ಗಾದಿ ಸ್ಪಂಜು! ಅದನ್ನೇ ಹಾಕಿದ್ದರೆ ಮೊದಲ ಮಳೆಗೆ ನೀರು ಕುಡಿದು, ಮುಂದಿನ ಬೇಸಿಗೆಗೆ ಉದುರಿರುತ್ತಿತ್ತು. ಎಸಿ ಪೈಪಿಗೆ ಸುತ್ತುವ ಕಪ್ಪು ನಳಿಗೆಯನ್ನು ಉದ್ದಕ್ಕೆ ಸೀಳಿ ಚಪ್ಪಟೆ ಮಾಡಿದರೆ ಅದೇ ವಸ್ತು, ಊರಿನಲ್ಲೇ ಸಿಗುತ್ತದೆ. ಮೇಲೆ ಅಲ್ಯೂಮಿನಿಯಂ ಟೇಪ್.

ಈಗಿನ ಅಳತೆ: ನೆರಳು 42, ಕಿಂಡಿ 42, ಹೊರಬೀಳುವ ಗಾಳಿ 55.

ಮುಂದಿನ ಕೆಲಸ ಸೋಲಾರ್. ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲದ 540 ವ್ಯಾಟ್ ಪ್ಯಾನಲ್ ಎರಡು ಹಾಕಿದರೂ 1.5 ಕಿಲೋವ್ಯಾಟಿನ ಎಸಿ ನೇರವಾಗಿ ಓಡುವುದಿಲ್ಲ. 48 ವೋಲ್ಟ್ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಸೇರಿಸಿದರೆ, ಇನ್ವರ್ಟರ್ ನಷ್ಟ ಕಳೆದು, ಬ್ಯಾಟರಿಯೊಂದರಿಂದಲೇ ಮೂರು ಗಂಟೆಯ ಸುಮಾರು. ಸ್ಟಾರ್ಟಿನ 35 ಆಂಪಿಯರ್ ತಗ್ಗಿಸಲು ಸಾಫ್ಟ್ ಸ್ಟಾರ್ಟರ್ ಬೇಕೇ ಬೇಕು. ಆದರೂ ಪ್ಯಾನಲ್ ಮೇಲೆ ಆಸೆ ನೆರಳಿಗಾಗಿ: ತಗಡಿನಿಂದ 75 ಮಿಮೀ ಎತ್ತರಿಸಿ ಕೂರಿಸಿದರೆ ಕೆಳಗೆ ಗಾಳಿಯಾಡಿ ಛಾವಣಿ ಕಾಯುವುದೇ ಕಡಿಮೆಯಾಗುತ್ತದೆ. ಎಸಿಯ ಹಿಂದೆ ಮಾತ್ರ ಅರ್ಧ ಮೀಟರ್ ಖಾಲಿ ಬಿಡಬೇಕು, ಇಲ್ಲವಾದರೆ ಹೊರಬಿದ್ದ ಬಿಸಿಗಾಳಿ ಪ್ಯಾನಲ್‌ಗೆ ಬಡಿದು ಮತ್ತೆ ಕಿಂಡಿಗೇ ಬರುತ್ತದೆ. ಹಾಗಾಗಿ ಚೌಕಟ್ಟಿಗೆ ತೂತು ಕೊರೆಯುವ ಮೊದಲು ರಟ್ಟಿನ ಹಾಳೆಯನ್ನು ಪ್ಯಾನಲ್ ಜಾಗದಲ್ಲಿ ಕಟ್ಟಿ, ಮಧ್ಯಾಹ್ನ ಎರಡಕ್ಕೆ ಕಿಂಡಿಯ ಡಿಗ್ರಿ ನೋಡುವುದು.